ಸೂಟು ಕಪ್ಪಲ್ಲ, ಕಂದು

೧

ಎಲ್ಲಿಂದ ಶುರು ಮಾಡಲಿ? ಮಳೆಯಿಂದ ಮಾತ್ರ ಬೇಡ. ಐರಿಶ್ ವಲಸಿಗರ ಕಷ್ಟದ ಬಗ್ಗೆ ಯಾರು ಸಿನಿಮಾ ತೆಗೆದರೂ ಮೊದಲು ಮಳೆ ಸುರಿಯುತ್ತದೆ. ಆಮೇಲೆ ಹಡಗು ಕೂಗುತ್ತದೆ, ಪಿಟೀಲು ಅಳುತ್ತದೆ, ಶಾಲು ಹೊದ್ದ ತಾಯಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ. ಮಗ ಹರಿದ ಅಂಗಿಯಲ್ಲಿ ಇಂಗ್ಲೆಂಡಿನ ಕೆಸರಿಗೆ ಇಳಿಯುತ್ತಾನೆ, ಕುಡಿಯುತ್ತಾನೆ, ಹೊಡೆದಾಡುತ್ತಾನೆ, ಹೊಡೆದಾಡಿದ್ದಕ್ಕೆ ಅಳುತ್ತಾನೆ. ನಾವೂ ಮೂಗು ಸೀಟಿಕೊಂಡು ಥಿಯೇಟರಿನಿಂದ ಹೊರಗೆ ಬರುತ್ತೇವೆ. ಹೊರಗೆ ನೋಡಿದರೆ ಒಳ್ಳೆ ಬಿಸಿಲು.

(ನನ್ನ ಮೊದಲ ಕರಡಿನ ಮೊದಲ ಸಾಲು: "ಕಾವೆಂಟ್ರಿಯಲ್ಲಿ ಮಳೆ ಹಿಡಿದಿತ್ತು." ಅದೀಗ ಕಸದ ಬುಟ್ಟಿಯಲ್ಲಿದೆ. ಅಲ್ಲಾದರೂ ಬೆಚ್ಚಗಿರಲಿ.)

೨

ಚೀಸ್ ತುರಿಯುವ ಮಣೆಯಿಂದ ಶುರು ಮಾಡುತ್ತೇನೆ.

ನಮ್ಮ ಬೀದಿಯ ಕೊನೆಯಲ್ಲಿರುವ ಐರಿಶ್ ಕ್ಲಬ್ಬಿನ ಹಿಂದಿನ ಅಂಗಳ. ಶೂಟಿಂಗ್ ನಡೆಯುತ್ತಿದೆ. ಉಡುಪು ನೋಡಿಕೊಳ್ಳುವ ಹುಡುಗಿಯೊಬ್ಬಳು ಆಗತಾನೇ ಅಂಗಡಿಯಿಂದ ತಂದ ಅಂಗಿಯ ಮೊಣಕೈಯನ್ನು ಚೀಸ್ ತುರಿಮಣೆಗೆ ಹಾಕಿ ಪರಪರ ಉಜ್ಜುತ್ತಿದ್ದಾಳೆ. ಅದನ್ನೇ ನೋಡುತ್ತ ಎದುರಿಗೆ ನಿಂತವರು ಫೆಸ್ಟಿ ಲವೆಲ್. ವಯಸ್ಸು ಎಂಬತ್ತು ದಾಟಿದೆ. ಕೋಟು, ಟೈ, ಮುಖ ಕಾಣುವಷ್ಟು ಹೊಳೆಯುವ ಬೂಟು.

"ಏನಮ್ಮಾ ಮಾಡ್ತಿದೀಯ?"

"ಅಂಗಿ ಹಳೇದು ಮಾಡ್ತಿದೀನಿ ಸಾರ್. ಇದು ನಿಮ್ಮ ಅಂಗೀನೇ. ಸಿನಿಮಾದಲ್ಲಿ ನಿಮ್ಮ ಪಾರ್ಟ್ ಮಾಡೋ ಹುಡುಗ ಹಾಕ್ಕೋತಾನೆ."

"ನನ್ನ ಅಂಗಿ ಮೊಣಕೈ ಹತ್ರ ಹರಿದಿದ್ರೆ ನಮ್ಮಮ್ಮ ಸಮುದ್ರ ದಾಟಿ ಬಂದು ಕೆನ್ನೆಗೆ ಬಾರಿಸ್ತಿದ್ಲು."

"ಸೀನು ಹಾಗಿದೆ ಸಾರ್, ನಾನೇನು ಮಾಡ್ಲಿ?"

"ಸೀನಿಗೇ ಒಂದು ತೇಪೆ ಹಾಕು."

ಹುಡುಗಿ ನಕ್ಕಳು. ಒಳ್ಳೆಯವಳು. ನಗುತ್ತಲೇ ಫೆಸ್ಟಿಯವರ ಕೋಟಿನ ಕಡೆ ಕೈ ತೋರಿಸಿದಳು. "ಸಾರ್, ನಿಮ್ಮ ಕೋಟಿನ ನಡುವಿನ ಗುಂಡಿ ಬೇರೆ ಬಣ್ಣದ್ದಿದೆಯಲ್ಲ, ಕಪ್ಪು. ಕೊಡಿ, ಎರಡು ನಿಮಿಷದಲ್ಲಿ ಬದಲಾಯಿಸಿ ಕೊಡ್ತೀನಿ."

ಫೆಸ್ಟಿ ಎರಡು ಹೆಜ್ಜೆ ಹಿಂದೆ ಸರಿದು ಬಲಗೈಯನ್ನು ಹೊಟ್ಟೆಯ ಮೇಲೆ, ಆ ಗುಂಡಿಯ ಮೇಲೆ ಇಟ್ಟುಕೊಂಡರು. "ಮುಟ್ಬೇಡ" ಎಂದರು.

(ಓದುಗರೇ, ಆ ಕೈಯನ್ನು ನೆನಪಿಡಿ. ಒಳ್ಳೆಯ ಕಥೆಗಾರರು ಹೀಗೆ ಹೇಳುವುದಿಲ್ಲ, ಸುಮ್ಮನೆ ಇಟ್ಟು ಮುಂದೆ ಹೋಗುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ.)

೩

ಸಿನಿಮಾ ತೆಗೆಯುತ್ತಿರುವವಳು ಫೆಸ್ಟಿಯವರ ಮೊಮ್ಮಗಳು ಎತ್ನಾ. ಇದು ಅವಳ ಮೊದಲ ಸಿನಿಮಾ. ಅಜ್ಜನ ಕಾಲದ ಕೂಲಿ ಹುಡುಗರ ಕಥೆ: ಊರು ಬಿಟ್ಟು ಬಂದದ್ದು, ಕೇಬಲ್ಲಿಗೆ ನೆಲ ತೋಡಿದ್ದು, ತೋಡಿದ ಮಣ್ಣು ಕುಸಿದು ಗೆಳೆಯ ಮೈಲ್ಸ್ ಗಿಂಟಿ ಸತ್ತದ್ದು. ಕೊನೆಯಲ್ಲಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬರುತ್ತದೆ: "ನನ್ನ ಅಜ್ಜ ಫೆಸ್ಟಿ ಲವೆಲ್ ಅವರಿಗೆ."

ತುರಿಮಣೆ ಕಂಡ ದಿನವೇ ಫೆಸ್ಟಿ ಹೇಳಿಬಿಟ್ಟರು: "ನನ್ನ ಹೆಸರು ತೆಗಿ."

ಎತ್ನಾ ಮಗುವಾಗಿದ್ದಾಗಿನಿಂದ ಈ ಒಂದು ಸಾಲಿಗಾಗಿ ಸಿನಿಮಾ ಕಲಿತವಳು. ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಾನು ಅವರ ಪಕ್ಕದ ಮನೆಯವಳು, ಬಂದು ಮೂವತ್ತು ವರ್ಷವಾಯಿತು. ನಡುವಿನ ಗೋಡೆ ತೆಳು. ನಾನು ಕಥೆಗಾರ್ತಿಯಾದದ್ದು ಆ ಗೋಡೆಯಿಂದಲೇ.

"ಗಿಂಟಿ ಸತ್ತಿದ್ದು ಸುಳ್ಳಾ ಅಜ್ಜ?" ಗೋಡೆಯಾಚೆ ಎತ್ನಾ ಕೂಗಾಡಿದಳು. "ಕೆಸರು ಸುಳ್ಳಾ? ನಿನ್ನ ಸೊಂಟ ಇವತ್ತಿಗೂ ನೆಟ್ಟಗಾಗಲ್ಲ, ಅದೂ ಸುಳ್ಳಾ?"

"ಕೆಸರು ನಿಜ. ಸೊಂಟ ನಿಜ. ಗಿಂಟಿ ಸತ್ತಿದ್ದು ನಿಜ. ಹರಿದ ಅಂಗಿ ಸುಳ್ಳು."

"ನೀಟಾಗಿ ಕೋಟು ಹಾಕಿಸಿ ತೋರಿಸಿದ್ರೆ ಪಿಕ್ನಿಕ್ಕಿಗೆ ಬಂದಿದ್ರು ಅಂದ್ಕೋತಾರೆ ಜನ!"

"ಅಂದ್ಕೊಳ್ಳಿ. ನಾವು ಕೋಟು ಹಾಕ್ಕೊಂಡೇ ನೆಲ ತೋಡ್ತಿದ್ದಿದ್ದು. ಕಷ್ಟ ಪಡೋಕೆ ಬಂದಿದ್ವಿ ಕಣೇ, ಕಷ್ಟ ತೋರ್ಸೋಕಲ್ಲ."

(ಇಬ್ಬರಲ್ಲಿ ಯಾರು ಸರಿ? ಕಥೆಗಾರ್ತಿ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದಾಳೆ. ಗೋಡೆ ಹೇಗೂ ಇದೆಯಲ್ಲ.)

೪

ಅಂಗಿಯ ಜಗಳ ಮುಗಿಯಿತು. ಎತ್ನಾ ತುರಿಮಣೆಯನ್ನು ಕ್ಲಬ್ಬಿನ ಅಡುಗೆಮನೆಗೆ ವಾಪಸು ಕಳಿಸಿದಳು, ಕೂಲಿಗಳಿಗೆಲ್ಲ ಕೋಟು ಹೊಲಿಸಿದಳು. ಆಗ ಫೆಸ್ಟಿ ಖುಷಿಯಾಗಿ ಸೂಟಿನ ಕಥೆ ಹೇಳಿದರು. ನೂರು ಸಲ ಹೇಳಿದ ಕಥೆ; ಆದರೂ ಎತ್ನಾ ಮೊದಲ ಸಲ ಕೇಳುವವಳಂತೆ ಕೇಳಿಸಿಕೊಂಡಳು.

ಐವತ್ತೇಳನೇ ಇಸವಿ. ಐರ್ಲೆಂಡಿನ ಮೇಯೊ ಸೀಮೆಯ ಕಡಲಂಚಿನ ಒಂದೇ ಊರಿನ ನಾಲ್ವರು ಹುಡುಗರು, ಫೆಸ್ಟಿ, ಮೈಲ್ಸ್ ಗಿಂಟಿ, ಇನ್ನಿಬ್ಬರು, ಇಂಗ್ಲೆಂಡಿಗೆ ಬಂದು ಕಾವೆಂಟ್ರಿಯ ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ಊರಿನಿಂದ ತಾಯಂದಿರು ಫೋಟೊ ಕಳಿಸಿ ಎಂದು ಬರೆಯುತ್ತಿದ್ದರು. ಫೋಟೊಗೆ ಸೂಟು ಬೇಕು. ನಾಲ್ವರೂ ಕೂಡಿ ಸಂತೆಯಲ್ಲಿ ಒಂದು ಸೂಟು ಕೊಂಡರು. ಯಾರೋ ಉಟ್ಟು ಬಿಟ್ಟದ್ದು, ಕಂದು ಬಣ್ಣದ್ದು, ನಡುವಿನ ಗುಂಡಿ ಇಲ್ಲದ್ದು. ಶನಿವಾರಕ್ಕೊಬ್ಬ ಅದನ್ನು ಹಾಕಿಕೊಂಡು ಸ್ಟುಡಿಯೋಗೆ ಹೋದ. ಫೆಸ್ಟಿಗೆ ತೋಳು ಗಿಡ್ಡವಾಯಿತು, ಗಿಂಟಿಗೆ ಉದ್ದವಾಯಿತು. ಗುಂಡಿ ಇಲ್ಲದ ಜಾಗ ಬಾಯಿ ಬಿಟ್ಟುಕೊಂಡು ಕಾಣುತ್ತದಲ್ಲ, ಅದಕ್ಕೆ ಗಿಂಟಿ ಒಂದು ಉಪಾಯ ಮಾಡಿದ: ದೊಡ್ಡ ಮನುಷ್ಯರ ಹಾಗೆ ಬಲಗೈಯನ್ನು ಅದರ ಮೇಲೆ ಇಟ್ಟುಕೊಂಡ. ಉಳಿದ ಮೂವರೂ ಹಾಗೇ ಇಟ್ಟುಕೊಂಡರು. ನಾಲ್ಕು ಫೋಟೊ ನಾಲ್ಕು ಮನೆಗೆ ಹೋದವು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗಾದೆ. ಹೀಯಾಳಿಸಲಿಕ್ಕೇ ಹೇಳುವುದು ಅದನ್ನು. ನಾನು ಈ ಒಂದು ಸಲ ಹೆಮ್ಮೆಯಿಂದ ಹೇಳುತ್ತಿದ್ದೇನೆ.

"ತಾಯಂದಿರಿಗೆ ಕೊನೇತನಕ ಗೊತ್ತಾಗ್ಲೇ ಇಲ್ಲ" ಎಂದು ಫೆಸ್ಟಿ ಯಾವಾಗಲೂ ಕಥೆ ಮುಗಿಸುತ್ತಾರೆ. ಆವತ್ತೂ ಹಾಗೇ ಮುಗಿಸಿದರು. ಒಲೆಯ ಹತ್ತಿರ ಸೋಡಾ ಬ್ರೆಡ್ಡಿಗೆ ಹಿಟ್ಟು ಕಲಸುತ್ತಿದ್ದ ಅವರ ಹೆಂಡತಿ ಡೀಲಿಯಾ ತಲೆ ಎತ್ತಲಿಲ್ಲ.

ಎತ್ನಾ ಆ ದೃಶ್ಯವನ್ನೂ ಚಿತ್ರೀಕರಿಸಿದಳು. ತಂದು ತೋರಿಸಿದಳು. ಫೆಸ್ಟಿ ನೋಡಿ ಮುಖ ಗಂಟಿಕ್ಕಿದರು.

"ಸೂಟು ಕಪ್ಪಗಿದೆಯಲ್ಲೇ."

"ಅಜ್ಜ, ಇಡೀ ಸಿನಿಮಾನೇ ಕಪ್ಪು ಬಿಳುಪು. ಹಳೇ ಕಾಲದ ಕಷ್ಟ ಅಂದ್ರೆ ಹಾಗೇ ತೆಗಿಯೋದು."

"ಯಾಕೆ? ಆವಾಗ ಬಣ್ಣ ಇರ್ಲಿಲ್ವಾ? ಹುಲ್ಲು ಹಸಿರಾಗೇ ಇತ್ತು. ಸೂಟು ಬ್ರೌನಾಗೇ ಇತ್ತು. ಕಲರ್ ಮಾಡು. ಇಲ್ದಿದ್ರೆ ನನ್ನ ಹೆಸರು ತೆಗಿ."

ಕಾರಣ ಕೇಳಿದರೆ ಬಾಯಿಗೆ ಬೀಗ. ಮುದುಕರ ಹಟ ಎಂದುಕೊಂಡಳು ಎತ್ನಾ. ನಾನೂ ಹಾಗೇ ಬರೆದಿದ್ದೆ, ಎರಡನೇ ಕರಡಿನಲ್ಲಿ.

೫

ಮೂರನೇ ಕರಡು. ಫೆಸ್ಟಿಯವರ ತಾಯಿ ಓನೋರಾರನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದೆ. ಅಂಚೆಯವನು ಫೋಟೊ ಕೊಡುತ್ತಾನೆ, ಅವರು ಅದನ್ನು ಎದೆಗೊತ್ತಿಕೊಂಡು ಅಳಬೇಕು.

"ಅಳ್ಬೇಕಾ?" ಎಂದರು ಓನೋರಾ. "ಹಂದಿಗೆ ಕಲಗಚ್ಚು ಇಡ್ಬೇಕು, ಒಲೆ ಮೇಲೆ ನೀರು ಕುದೀತಿದೆ. ಅಳೋಕೆ ನಿನಗೆ ಪುರುಸೊತ್ತಿದ್ರೆ ನೀನೇ ಅಳು."

"ಒಂದು ಹನಿ ಸಾಕು ತಾಯಿ. ಓದುಗರು ಕಾಯ್ತಿದ್ದಾರೆ."

"ಕಾಯ್ತಾ ಇದ್ರೆ ಒಳಗೆ ಕರಿ, ಟೀ ಕೊಡ್ತೀನಿ. ಬಾಗಿಲಲ್ಲಿ ನಿಂತು ಅತ್ರೆ ಊರೆಲ್ಲ ನೋಡಲ್ವಾ? ಮಗ ಅಲ್ಲಿ ಹೇಗಿದಾನೋ ಏನೋ ಅಂತ ಮಾತಾಡ್ಕೊಳ್ಳಲ್ವಾ?"

ಬಾಗಿಲು ಹಾಕಿಕೊಂಡರು. ಆ ಕರಡು ಅಲ್ಲಿಗೇ ನಿಂತಿತು.

೬

ಈಗ ಡೀಲಿಯಾ. ಅವರೂ ಅದೇ ಊರಿನವರು. ಒಂದು ಬೆಳಿಗ್ಗೆ ಬೇಲಿಯ ಮೇಲಿಂದ ಬಿಸಿ ಬ್ರೆಡ್ಡು ಕೊಡುತ್ತ ಕೇಳಿದರು: "ಹುಡುಗಿ, ನಮ್ಮ ಕಥೆ ಬರೀತಿದೀಯಂತೆ?" (ನನಗೆ ಅರವತ್ತು. ಅವರಿಗೆ ನಾನು ಇನ್ನೂ ಹುಡುಗಿ.)

"ಹೂಂ. ಬೇಡ ಅಂದ್ರೆ ಬಿಡ್ತೀನಿ."

"ಯಾವ ಭಾಷೇಲಿ?"

"ನನ್ನ ಭಾಷೇಲಿ."

"ಫೆಸ್ಟಿಗೆ ಓದೋಕಾಗುತ್ತಾ?"

"ಒಂದಕ್ಷರಾನೂ ಇಲ್ಲ."

"ಹಾಗಾದ್ರೆ ನಿನಗೆ ಹೇಳ್ತೀನಿ" ಎಂದು ಬೇಲಿಗೆ ಒರಗಿದರು.

ಅವರ ಊರಿನಲ್ಲಿ ಪಾದ್ರಿ ವರ್ಷಕ್ಕೆರಡು ಸಲ ಯಾರಾದರೊಬ್ಬರ ಮನೆಗೇ ಬಂದು ಪೂಜೆ ಮಾಡುತ್ತಾರೆ, ಪಾಳಿಯ ಮೇಲೆ. ಪಾಳಿ ಬಂದ ಮನೆ ಸುಣ್ಣ ಬಳಿದುಕೊಂಡು ಮದುಮಗಳಂತೆ ನಿಲ್ಲುತ್ತದೆ, ಅಕ್ಕಪಕ್ಕದವರೆಲ್ಲ ಬರುತ್ತಾರೆ. ಆ ವಸಂತದಲ್ಲಿ ಪಾಳಿ ಲವೆಲ್‌ರ ಮನೆಯದು. ಪಿಂಗಾಣಿ ತಟ್ಟೆಗಳ ಕಪಾಟಿನ ನಡುವೆ ಫೆಸ್ಟಿಯ ಫೋಟೊ. ಪಾದ್ರಿ ಒಳಕೋಣೆಯಲ್ಲಿ ಮೊಟ್ಟೆ ತಿನ್ನುತ್ತಿದ್ದಾರೆ. ಹದಿನಾರರ ಡೀಲಿಯಾ ಬಟ್ಟಲು ತೊಳೆಯುತ್ತಿದ್ದಾಳೆ.

"ಗಿಂಟಿ ಅವರಮ್ಮ ಬಂದು ಫೋಟೊ ಮುಂದೆ ನಿಂತ್ರು. ನಿಂತೇ ಇದ್ರು. ಆಮೇಲೆ ಉಳಿದಿಬ್ಬರು ತಾಯಂದಿರು ಬಂದು ನಿಂತ್ರು. ಅದೇ ಸೂಟು. ಅದೇ ಕೈ, ಅದೇ ಜಾಗದಲ್ಲಿ. ನಾಲ್ಕು ಮಕ್ಳಿಗೂ ಒಟ್ಟಿಗೆ ಹೊಟ್ಟೆನೋವು ಬಂದ ಹಾಗೆ! ನನಗೆ ನಗು ತಡೆಯೋಕಾಗ್ಲಿಲ್ಲ. 'ಇದು ಅದೇ...' ಅಂತ ಬಾಯಿ ತೆಗೆದೆ ನೋಡು, ನಮ್ಮಮ್ಮ ತೋಳಿಗೆ ಹೀಗೆ ಚಿವುಟಿದ್ಲು."

"ಆಮೇಲೆ?"

"ಗಿಂಟಿ ಅವರಮ್ಮ ಹೇಳಿದ್ರು: 'ಓನೋರಾ, ದೇವರು ಒಳ್ಳೇದು ಮಾಡ್ಲಿ, ಫೆಸ್ಟಿ ಎಷ್ಟು ಚೆನ್ನಾಗಿ ಕಾಣ್ತಾನೆ. ಒಳ್ಳೇ ಸೂಟು.' ಇನ್ನೊಬ್ರು ಹೇಳಿದ್ರು: 'ಹೌದು, ಒಳ್ಳೇ ಸೂಟು.' ಮತ್ತೊಬ್ರೂ ಹಾಗೇ ಅಂದ್ರು. ಓನೋರಾ ಟೀ ಬಗ್ಗಿಸ್ತಾ, 'ಆ ಊರಲ್ಲಿ ಒಳ್ಳೇ ದರ್ಜಿ ಇರ್ಬೇಕು' ಅಂದ್ರು. ಒಬ್ರೂ ನಗ್ಲಿಲ್ಲ. ಒಬ್ರೂ ಕಣ್ಣು ತಗ್ಗಿಸ್ಲಿಲ್ಲ. ರಾಣಿಯರ ಹಾಗೆ ಕೂತು ಟೀ ಕುಡಿದ್ರು."

ಡೀಲಿಯಾ ತೋಳು ಉಜ್ಜಿಕೊಂಡರು. "ಫೆಸ್ಟಿಗೆ ಹೇಳಿಲ್ಲ. ಅಮ್ಮಂಗೆ ಗೊತ್ತಾಗ್ದ ಹಾಗೆ ನೋಡ್ಕೊಂಡ್ವಿ ಅನ್ನೋದೇ ಅವನ ಇಡೀ ಬದುಕಿನ ಹೆಮ್ಮೆ. ಅದನ್ನ ನಾನು ಹೇಗೆ ಕಿತ್ಕೊಳ್ಲಿ?"

೭

ಇಲ್ಲಿಗೇ ಮುಗಿಸಬಹುದಿತ್ತು. ಗುಟ್ಟು ನನ್ನ ಭಾಷೆಯಲ್ಲಿ ಭದ್ರ, ಗಂಡನ ಹೆಮ್ಮೆ ಭದ್ರ. ಆದರೆ ಎತ್ನಾ ಸಿನಿಮಾ ಜೋಡಿಸಿ ಮುಗಿಸಿದಳು. ಪರದೇಶದ ಚಿತ್ರೋತ್ಸವಕ್ಕೆ ಕಳಿಸುವ ಮೊದಲು ನಮ್ಮವರಿಗೆ ತೋರಿಸಬೇಕೆಂದು ಭಾನುವಾರದ ಪೂಜೆ ಮುಗಿದ ಮೇಲೆ ಕ್ಲಬ್ಬಿನಲ್ಲಿ ಎಲ್ಲರನ್ನೂ ಕೂರಿಸಿದಳು. ಹ್ಯಾಮ್ ಸ್ಯಾಂಡ್‌ವಿಚ್, ದೊಡ್ಡ ಪಾತ್ರೆಯಲ್ಲಿ ಟೀ. ಮುಂದಿನ ಸಾಲಿನಲ್ಲಿ ಫೆಸ್ಟಿ, ಕೈ ಹೊಟ್ಟೆಯ ಮೇಲೆ. ಪಕ್ಕದಲ್ಲಿ ಡೀಲಿಯಾ, ಅವರ ಪಕ್ಕ ನಾನು. ಅಜ್ಜ ಸಿನಿಮಾ ಪೂರ್ತಿ ನೋಡಿ ಹೆಸರು ಇರಲಿ ಎಂದರೆ ಇರುತ್ತದೆ, ಬೇಡವೆಂದರೆ ತೆಗೆಯುತ್ತಾಳೆ. ಹಾಗೆಂದು ಮಾತಾಗಿತ್ತು.

ಕಪ್ಪು ಬಿಳುಪೇ. ಮಳೆ ಇಲ್ಲ, ಅಷ್ಟರಮಟ್ಟಿಗೆ ಗೆದ್ದೆವು. ಕೋಟು ಹಾಕಿದ ಹುಡುಗರು ನೆಲ ತೋಡಿದರು. ಸಭೆ ಬೆನ್ನು ನೆಟ್ಟಗೆ ಮಾಡಿಕೊಂಡು ನೋಡಿತು. ಸ್ಟುಡಿಯೋ ದೃಶ್ಯಕ್ಕೆ ಎಲ್ಲರೂ ನಕ್ಕರು. ಆಮೇಲೆ ಊರು. ಶಾಲು ಹೊದ್ದ ನಾಲ್ವರು ತಾಯಂದಿರು ನಾಲ್ಕು ಫೋಟೊ ಎದೆಗೊತ್ತಿಕೊಂಡು ಒಬ್ಬೊಬ್ಬರಾಗಿ ಬಿಕ್ಕಿದರು. "ನನ್ನ ಮಗ ಸಾಹುಕಾರನಾದ" ಎಂದು ಒಬ್ಬಳು ಆಕಾಶಕ್ಕೆ ಕೈ ಮುಗಿದಳು. ಪಿಟೀಲು ಬಂತು.

"ನಿಲ್ಸು ಅದನ್ನ" ಎಂದರು ಡೀಲಿಯಾ.

ಎದ್ದು ನಿಂತಿದ್ದರು. ಅವರ ನೆರಳು ಪರದೆಯ ಮೇಲೆ ತಾಯಂದಿರ ಪಕ್ಕದಲ್ಲಿ ಬಿದ್ದಿತ್ತು. ಎತ್ನಾ ನಿಲ್ಲಿಸಿದಳು.

"ಗಂಡಸರ ಅಂಗಿಗೆ ತೇಪೆ ಹಾಕಿದೆ, ಸರಿ. ನಮ್ಮ ತಾಯಂದಿರನ್ನ ಯಾಕೆ ಪೆದ್ದಿಯರು ಮಾಡಿದೆ? ಹನ್ನೆರಡು ಮನೆ ಕುರಿ ಒಟ್ಟಿಗಿದ್ರೂ ತನ್ನ ಕುರಿ ಯಾವುದು ಅಂತ ಗುಡ್ಡದ ಈಚೆಯಿಂದ ಹೇಳೋ ಹೆಂಗಸರು ಕಣೇ ಅವರು. ನಾಲ್ಕು ಫೋಟೊದಲ್ಲಿ ಒಂದೇ ಸೂಟು ಅಂತ ಗೊತ್ತಾಗಲ್ವಾ?"

ಹೇಳಿಬಿಟ್ಟರು. ಪಾಳಿ ಪೂಜೆ, ಕಪಾಟು, ಒಳ್ಳೇ ಸೂಟು, ಒಳ್ಳೇ ದರ್ಜಿ, ಎಲ್ಲ. ಹೇಳಿ ಮುಗಿಸಿದ ಮೇಲೆ ಏನು ಮಾಡಿದೆನೆಂದು ಅವರಿಗೆ ಹೊಳೆಯಿತು. ಗಂಡನ ಕಡೆ ತಿರುಗಲಾರದೆ ನನ್ನ ಕೈ ಹಿಡಿದುಕೊಂಡರು. ನನ್ನ ಬೆರಳು ನೋಯುವಷ್ಟು ಗಟ್ಟಿಯಾಗಿ.

ಫೆಸ್ಟಿ ಹೊಟ್ಟೆಯ ಮೇಲಿಂದ ಕೈ ತೆಗೆದರು.

"ಗೊತ್ತು" ಎಂದರು.

"ಏನು ಗೊತ್ತು?" ಡೀಲಿಯಾ ತಿರುಗಿದರು.

"ಆ ವರ್ಷ ಕ್ರಿಸ್‌ಮಸ್ಸಿಗೆ ನಾಲ್ವರಿಗೂ ಪಾರ್ಸೆಲ್ ಬಂತು. ಒಂದೇ ಹಾಸಿಗೆ ಮೇಲೆ ಸುರುವಿಕೊಂಡ್ವಿ. ಕಾಲುಚೀಲ, ಬೆಣ್ಣೆ. ನಾಲ್ಕರಲ್ಲೂ ಕಾಗದದಲ್ಲಿ ಸುತ್ತಿದ ಒಂದೊಂದು ಗುಂಡಿ, ದಾರ ಪೋಣಿಸಿದ ಸೂಜಿ ಸಮೇತ. ಫೋಟೊದಲ್ಲಿ ಬಣ್ಣ ಕಾಣಲ್ವಲ್ಲ. ಪಾಪ, ಸೂಟು ಕಪ್ಪು ಅಂದ್ಕೊಂಡ್ರು. ನಾಲ್ಕೂ ಕಪ್ಪು ಗುಂಡಿ. ಗಿಂಟಿ ನಕ್ಕು ನಕ್ಕು ಮಂಚದಿಂದ ಕೆಳಗೆ ಬಿದ್ದ. ಆಮೇಲೆ ಅತ್ತ. ಅವನ ಗುಂಡೀನೇ ಬ್ರೌನ್ ಸೂಟಿಗೆ ಹೊಲಿದೆ. ಉಳಿದಿದ್ದು ನಮ್ಮ ನಮ್ಮ ಹತ್ರ ಇಟ್ಕೊಂಡ್ವಿ." ಕೋಟಿನ ನಡುವಿನ ಗುಂಡಿಯನ್ನು ತೋರಿಸಿದರು. "ಕಪ್ಪು ಬಿಳುಪಲ್ಲಿ ತೆಗೆದ್ರೆ ಇದು ಯಾರಿಗೆ ಕಾಣುತ್ತೆ ಎತ್ನಾ? ಕಲರ್ ಯಾಕೆ ಕೇಳಿದೆ ಅಂದ್ರೆ ಇದಕ್ಕೆ."

"ಗೊತ್ತಿದ್ದೂ 'ಗೊತ್ತಾಗ್ಲೇ ಇಲ್ಲ, ಗೊತ್ತಾಗ್ಲೇ ಇಲ್ಲ' ಅಂತ ಅರವತ್ತು ವರ್ಷ ಹೇಳ್ಕೊಂಡು ಬಂದ್ಯಲ್ಲೋ ಮುದುಕ!"

"ತಾಯಂದಿರು ಬಾಯಿ ಬಿಡದೇ ಇದ್ದಿದ್ದನ್ನ ನಾನು ಹೇಗೆ ಬಿಡ್ಲಿ? ನೀನ್ಯಾಕೆ ಹೇಳ್ಲಿಲ್ಲ?"

"ಪ್ರತಿ ಹೊಸ ಕೋಟಿಗೂ ಆ ದರಿದ್ರ ಗುಂಡಿ ಹೊಲಿದು ಕೊಟ್ಟಿದೀನಿ. ಯಾಕೆ ಅಂತ ಒಂದು ದಿನ ಕೇಳಿದೀನಾ? ಕೇಳ್ದೇ ಇದ್ದಾಗ್ಲೇ ನಿನಗೆ ಗೊತ್ತಾಗ್ಬೇಕಿತ್ತು."

ಸಭೆಯಲ್ಲಿ ಯಾರೋ ಜೋರಾಗಿ ನಕ್ಕರು. ಹಿಂದಿನ ಸಾಲಿನ ಅಜ್ಜಿಯೊಬ್ಬರು, "ನಮ್ಮೂರ ಹುಡುಗರ ಸೂಟಿಗೆ ಕಾಲರೇ ಇರ್ಲಿಲ್ಲ" ಎಂದು ಹೆಮ್ಮೆಯಿಂದ ಸಾರಿದರು.

ಡೀಲಿಯಾ ಮಾತ್ರ ನಗಲಿಲ್ಲ. ಗಂಡನ ಪಕ್ಕ ಕೂತು, ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ಗಿಂಟೀನ ಆ ಸೂಟಲ್ಲೇ ಊರಿಗೆ ಕಳಿಸಿದ್ರಿ, ನೆನಪಿದೆಯಾ."

"ಇನ್ನೇನು ಹಾಕಿ ಕಳಿಸೋದು? ನಮ್ಮ ಹತ್ರ ಇದ್ದಿದ್ದೇ ಅದೊಂದು ಒಳ್ಳೇದು."

"ಪೆಟ್ಟಿಗೆ ತೆರೆದಾಗ ನಾನು ಅಲ್ಲಿದ್ದೆ. ಅವರಮ್ಮ ಮೊದ್ಲು ಮುಖ ನೋಡಿದ್ರು. ಆಮೇಲೆ ಸೂಟು ನೋಡಿ, 'ಓ, ಕಂದು' ಅಂದ್ರು. ಆಮೇಲೆ ತಾವು ಕಳಿಸಿದ ಗುಂಡಿ ಹಿಡ್ಕೊಂಡು ಎಳೆದು ನೋಡಿದ್ರು."

ಫೆಸ್ಟಿ ಹೆಂಡತಿಯ ಕಡೆ ಬಾಗಿದರು. "ಏನಂದ್ರು?"

"'ಗಟ್ಟಿಯಾಗಿ ಹೊಲಿದಿದಾರೆ ಹುಡುಗರು' ಅಂದ್ರು."

ಫೆಸ್ಟಿ ಲವೆಲ್ ನಿಧಾನವಾಗಿ ಎದ್ದು ನಿಂತರು. ನೆಟ್ಟಗಾಗದ ಸೊಂಟವನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು ಇಡೀ ಸಭೆಯ ಕಡೆ ತಿರುಗಿದರು.

"ನಾನು ಹೊಲಿದಿದ್ದು" ಎಂದರು. "ಅದನ್ನ ಹೊಲಿದಿದ್ದು ನಾನು."

ನನಗೆ ಅಳು ಬಂತು. (ನಿಮಗೂ ಬಂದರೆ ಒಂದು ಹನಿಗೆ ಓನೋರಾರ ಅಪ್ಪಣೆ ಇದೆ. ಬಾಗಿಲು ಹಾಕಿಕೊಂಡು ಅಳಿ.)

೮

ಕೊನೆ. ಮೂರು ಬರೆದಿದ್ದೇನೆ.

ಒಂದು: ಎತ್ನಾ ಸಿನಿಮಾಕ್ಕೆ ಬಣ್ಣ ಕೊಡುತ್ತಾಳೆ, ಅಜ್ಜನ ಹೆಸರು ಉಳಿಯುತ್ತದೆ, ಸಭೆ ಎದ್ದು ಚಪ್ಪಾಳೆ ತಟ್ಟುತ್ತದೆ. (ಸಕ್ಕರೆ ಜಾಸ್ತಿಯಾಯಿತು.)

ಎರಡು: ದುಡ್ಡು ಹಾಕಿದವರು, ಸಿನಿಮಾ ಕಪ್ಪು ಬಿಳುಪೇ ಇರಲಿ, ಬೇಕಾದರೆ ಆ ಗುಂಡಿಗೆ ಮಾತ್ರ ಬಣ್ಣ ಹಾಕೋಣ ಎನ್ನುತ್ತಾರೆ. ಫೆಸ್ಟಿ ಸಮಾಧಾನದಿಂದ ತಿಳಿಸಿ ಹೇಳುತ್ತಾರೆ: "ಅಯ್ಯಾ, ಗುಂಡಿ ಮೊದಲೇ ಕಪ್ಪು."

ಮೂರು: ಮಳೆ.

ನಿಜವಾಗಿ ಆದದ್ದು ಇಷ್ಟೇ. ಸಭೆಯೆಲ್ಲ ಚದುರಿದ ಮೇಲೆ ಎತ್ನಾ ಬಂದು ಅಜ್ಜನ ಕಾಲ ಬಳಿ ಕೂತಳು. "ಬಣ್ಣ ಒಳಗೇ ಇದೆ ಅಜ್ಜ. ಕ್ಯಾಮೆರಾ ಹಿಡಿದಿದ್ದು ಬಣ್ಣಾನೇ. ಆಮೇಲೆ ತೆಗೆದಿದ್ದು ನಾನು" ಎಂದಳು. ಫೆಸ್ಟಿ ಅವಳ ತಲೆಯ ಮೇಲೆ ಕೈಯಿಟ್ಟರು. ಹೆಸರಿನ ಮಾತು ಇಬ್ಬರೂ ಎತ್ತಲಿಲ್ಲ. ಇವತ್ತಿಗೂ ಗೋಡೆಯಾಚೆ ಅವಳು ಕತ್ತರಿಸುತ್ತಿದ್ದಾಳೆ, ಜೋಡಿಸುತ್ತಿದ್ದಾಳೆ. ಫೆಸ್ಟಿ ಹಿಂದೆ ಕೂತು ನೋಡುತ್ತಿದ್ದಾರೆ. ತಾಯಂದಿರ ದೃಶ್ಯ ಹೊಸದಾಗಿ ತೆಗೆಯಬೇಕಂತೆ. ಓನೋರಾರ ಪಾತ್ರಕ್ಕೆ ಡೀಲಿಯಾರನ್ನು ಕೇಳಿದ್ದಾರೆ. ಒಂದು ಹನಿಯೂ ಅಳುವುದಿಲ್ಲವೆಂಬ ಷರತ್ತು ಹಾಕಿದ್ದಾರೆ ಅವರು.

ಈಗ ಬೇಲಿಯ ಮೇಲಿಂದ ಬಗ್ಗಿ ಈ ಹಾಳೆ ನೋಡುತ್ತಿರುವುದೂ ಅವರೇ.

"ಮುಗೀತಾ?"

"ಇಲ್ಲ ಡೀಲಿಯಾ. ಮುಗಿಸಲ್ಲ."

"ಎಲ್ಲಾ ಕರಿ ಕರಿ ಅಕ್ಷರ. ನಿನ್ನದೂ ಕಪ್ಪು ಬಿಳುಪೇ ತಾನೇ?"

ಹೌದು. ಎತ್ನಾಗಾದರೆ ಒಳಗೆ ಬಣ್ಣ ಇದೆ, ನನ್ನ ಹತ್ತಿರ ಬರೀ ಮಸಿ.

"ಹಾಗಾದ್ರೆ ಓದೋರಿಗೆ ಬಾಯಿ ಬಿಟ್ಟು ಹೇಳು ಹುಡುಗಿ" ಎಂದರು ಡೀಲಿಯಾ, ಬಿಸಿ ಬ್ರೆಡ್ಡನ್ನು ನನ್ನ ಕೈಗಿಡುತ್ತ. "ಸೂಟು ಬ್ರೌನು. ಗುಂಡಿ ಕಪ್ಪು. ಎಳೆದು ನೋಡಿದ್ರೂ ಬರ್ಲಿಲ್ಲ."